ಹದಿನೆಂಟು ಹೆಸರು, ಹತ್ತೊಂಬತ್ತು ಎಡೆ

ನಮ್ಮಜ್ಜನ ಅಜ್ಜ ಇನ್ನೂ ಹುಟ್ಟದ ಕಾಲದಲ್ಲಿ, ಈ ನಮ್ಮ ಸೀಗೆಹಟ್ಟಿಯಲ್ಲಿ ಕಾಟಣ್ಣ ಅಂತ ಒಬ್ಬ ಸಿಪಾಯಿ ಇದ್ದನಂತೆ. ಕತ್ತಿ ಹಿಡಿದರೆ ಹತ್ತು ಜನಕ್ಕೆ ಸಮ ಅಂತಾರೆ, ಅದು ನನಗೆ ಗೊತ್ತಿಲ್ಲ. ಕುದುರೆಯ ಕಾಯಿಲೆ ಬಲ್ಲವನಾಗಿದ್ದ, ಅದು ಮಾತ್ರ ನಿಜ.

ಒಂದು ಸಲ ನಮ್ಮ ಪಾಳೆಗಾರನಿಗೂ ಪಕ್ಕದ ಕೋಟೆಯ ಒಡೆಯನಿಗೂ ಯುದ್ಧವಾಯಿತು. ನಮ್ಮವರು ಸೋತರು. ಕಾಟಣ್ಣನೂ ಸೇರಿ ಇಪ್ಪತ್ತು ಜನ ಸೆರೆ ಸಿಕ್ಕರು. ಊರು ಬೇರೆ, ಕುಲ ಬೇರೆ, ಎಲ್ಲರನ್ನೂ ಒಂದೇ ನೆಲಮಾಳಿಗೆಗೆ ದಬ್ಬಿದರಂತೆ. ಬೆಳಕಿಲ್ಲ, ಗಾಳಿಯಿಲ್ಲ, ಗೋಡೆಯೆಲ್ಲ ಜಿನುಗು ನೀರು. ಒಬ್ಬೊಬ್ಬರೇ ಕೆಮ್ಮಿ ಕೆಮ್ಮಿ ಸಾಯತೊಡಗಿದರಂತೆ. ಸತ್ತವರನ್ನು ಹೆಸರೂ ಕೇಳದೆ ಕಂದಕಕ್ಕೆ ಎಸೆಯುತ್ತಿದ್ದರಂತೆ.

ಹೀಗಿರುವಾಗ ಒಡೆಯನ ಕುದುರೆ ಹೊಟ್ಟೆಯುಬ್ಬರ ಬಂದು ನೆಲ ಹಿಡಿಯಿತು. ಕಾಟಣ್ಣನನ್ನು ಕರೆಸಿದರು. ಅವನು ಕುದುರೆಯ ಕಿವಿಯಲ್ಲಿ ಅದೇನೋ ಹೇಳಿದನಂತೆ, ಅದು ಎದ್ದು ನಿಂತಿತಂತೆ. ಓಮದ ಕಷಾಯ ಕುಡಿಸಿದ ಅನ್ನೋರೂ ಇದ್ದಾರೆ. ಒಡೆಯ ಖುಷಿಯಾಗಿ, ನಿನ್ನನ್ನು ಬಿಟ್ಟಿದ್ದೇನೆ, ಊರಿಗೆ ಹೋಗು ಅಂದನಂತೆ.

ಸೆರೆಯವರಲ್ಲಿ ತಮಟೆಯ ಚೌಡ ಅಂತ ಒಬ್ಬನಿದ್ದ. ಒಮ್ಮೆ ಕೇಳಿದ ಪದ ಮರೆಯದವನು. ಕಾಟಣ್ಣ ಅವನ ಹೆಸರು ಹೇಳಿ, "ನಾನು ಹೋದರೆ ಒಂದು ಮನೆಗೆ ಮಗ ಬಂದಂಗಾಯ್ತು, ಒಡೆಯ. ಅವನು ಹೋದರೆ ಹತ್ತೊಂಬತ್ತು ಮನೆಗೆ ಸುದ್ದಿ ಹೋಗ್ತದೆ. ಅವನನ್ನೇ ಬಿಡಿ" ಅಂದನಂತೆ. ಒಡೆಯ ಒಪ್ಪಿದನಂತೆ.

ಇದ್ದವರ ಹೆಸರು, ಸತ್ತವರ ಹೆಸರು, ಅವರವರ ಊರು, ತಾಯಿ, ಎಲ್ಲವನ್ನೂ ಕಾಟಣ್ಣ ಚೌಡನಿಗೆ ಬಾಯಿಪಾಠ ಮಾಡಿಸಿ ಕಳಿಸಿದ. ಚೌಡ ಊರೂರು ಅಲೆದ. ಬಾಗಿಲು ಬಾಗಿಲಲ್ಲಿ ನಿಂತು ಹೆಸರು ಹೇಳಿದ. ಅಷ್ಟರಲ್ಲಿ ಆ ನೆಲಮಾಳಿಗೆಯಲ್ಲಿ ಒಬ್ಬನೂ ಉಳಿದಿಲ್ಲ, ಕಾಟಣ್ಣನೂ ಹೋದ ಅಂತ ಉಪ್ಪು ಮಾರುವವರು ಸುದ್ದಿ ತಂದರಂತೆ.

ಕಟ್ಟಕಡೆಗೆ ಚೌಡ ಕಾಟಣ್ಣನ ತಾಯಿ ದುರುಗವ್ವನ ಬಾಗಿಲಿಗೆ ಬಂದ. ಕುದುರೆ ವಾಸಿಯಾದ ಸುದ್ದಿ ಅವಳ ಕಿವಿಗೂ ಬಿದ್ದಿತ್ತಂತೆ.

"ನನ್ನ ಮಗ ಬರಬಹುದಿತ್ತೇನಪ್ಪ?"

ಚೌಡನಿಗೆ ಸುಳ್ಳು ಬರಲಿಲ್ಲ. "ಬರಬಹುದಿತ್ತವ್ವ. ನನ್ನ ಕಳಿಸಿದ."

ಮುದುಕಿ ಅವನಿಗೆ ಒಂದು ಚೊಂಬು ನೀರು ಕೊಟ್ಟಳಂತೆ. ಆಮೇಲೆ, "ಎಲ್ಲ ಮನೆಗೂ ಹೇಳಿದೆಯಾ?" ಅಂದಳು.

ಚೌಡ ಕುಸಿದು ಕೂತು ಅತ್ತುಬಿಟ್ಟ. ದಾರಿಯಲ್ಲಿ ಜ್ವರ ಬಂದು ಒಂದು ಹೆಸರು ಮರೆತುಹೋಗಿತ್ತಂತೆ. ಊರೂ ಇಲ್ಲ, ತಾಯಿಯ ಹೆಸರೂ ಇಲ್ಲ.

"ಅಳಬೇಡ, ಏಳು. ಆ ತಾಯಿ ಇನ್ನೂ ದಾರಿ ಕಾಯ್ತಿರ್ತಾಳೆ, ಎಡೆ ಇಡೋದಿಲ್ಲ. ಆ ಮಗನಿಗೆ ನಾನಿಡ್ತೀನಿ" ಅಂದಳಂತೆ ದುರುಗವ್ವ.

ಇವತ್ತಿಗೂ ಹಿರಿಯರ ಹಬ್ಬದ ದಿನ ನಮ್ಮ ಹಟ್ಟಿಯಲ್ಲಿ ಚೌಡ ತಂದ ಹದಿನೆಂಟು ಹೆಸರು ಕೂಗಿ ಹದಿನೆಂಟು ಎಲೆ ಬಡಿಸ್ತೀವಿ. ಹತ್ತೊಂಬತ್ತನೆಯ ಎಲೆಯ ಮುಂದೆ ಊರಿನ ಹಿರೀ ಹೆಂಗಸು ಕೂತು, "ಯಾರ ಮಗನೋ ಏನೋ, ಬಾರಪ್ಪ, ಉಣ್ಣು" ಅಂತ ಕರೀತಾಳೆ. ಅವಳು ಏಳೋತನಕ ಯಾರೂ ತುತ್ತೆತ್ತೋದಿಲ್ಲ.