ಅಕ್ಕಿಯ ಮೇಲೆ ಬರೆದ ಬೆಟ್ಟ

೧೯೬೪ರ ಫೆಬ್ರವರಿ ೯, ಭಾನುವಾರ. ನನ್ನ ದಿನಚರಿಯಲ್ಲಿ ಹೀಗಿದೆ: "ಕುಮುದಿನಿ ಇವತ್ತೂ ಹಠ ಹಿಡಿದಳು. ಹರು ಅಮ್ಮ ಅಕ್ಕಿ ತರಿಸಿದರು."

ನಡೆದದ್ದನ್ನು ಅಂದೇ ಬರೆದಿಡುವುದು ಬಿ.ಎ. ಓದುವಾಗ ಬೆಳೆದ ಅಭ್ಯಾಸ. ಆದ್ದರಿಂದ ಮಿಕ್ಕ ಮಾತುಗಳನ್ನೂ ಧೈರ್ಯವಾಗಿ ಬರೆಯುತ್ತೇನೆ.

ಹರು ಅಮ್ಮ ಕಾವೇರಿ ದಂಡೆಯ ಸಣ್ಣ ಆಶ್ರಮವೊಂದರಲ್ಲಿದ್ದರು. ಜಪಾನಿನಿಂದ ಬಂದು ನೆಲೆಸಿ ಎಷ್ಟೋ ವರ್ಷವಾಗಿ, ಕನ್ನಡ ನಮ್ಮಷ್ಟೇ ಸಲೀಸಾಗಿತ್ತು. ನನ್ನ ತಂಗಿ ಕುಮುದಿನಿ ಅವರ ಬಳಿ ಚೀನಾದಿಂದ ಬಂದ, ಒಂದೊಂದೂ ಒಂದು ಪದವಾಗುವ ಜಪಾನೀಯರ ಕಾಂಜಿ ಅಕ್ಷರ ಕಲಿಯುತ್ತಿದ್ದಳು. ನಾನು ಜೊತೆಗೆ ಹೋಗುತ್ತಿದ್ದೆ.

ಅವಳ ಮದುವೆ ವೈಶಾಖಕ್ಕೆ ಗೊತ್ತಾಗಿತ್ತು. ಗಂಡಿನ ಮನೆಯವರು ಸೊಸೆಯ ಹೆಸರು ಬದಲಿಸುವವರು. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರ ಮೇಲೆ ಸೊಸೆಯ ಕೈಯಿಂದಲೇ ಹೊಸ ಹೆಸರು ಬರೆಸುತ್ತಾರೆ. ಕುಮುದಿನಿ ಪದ್ಮಾವತಿಯಾಗಬೇಕಿತ್ತು.

ಹುಡುಗ ಅವಳಿಗೆ ಒಪ್ಪಿಗೆ. ಹೆಸರು ಒಪ್ಪಿಗೆಯಿಲ್ಲ. ಅದಕ್ಕಾಗಿ ಮದುವೆಯನ್ನೇ ಬಿಡುವ ಮಾತಾಡುತ್ತಿದ್ದಳು.

ಆ ಭಾನುವಾರ ಹರು ಅಮ್ಮ ಸ್ಲೇಟಿನ ಮೇಲೆ ಬೆಟ್ಟದ ಅಕ್ಷರ ಬರೆದರು. ನಡುವೆ ಎತ್ತರದ ಒಂದು ಗೆರೆ, ಆಚೀಚೆ ಕುಳ್ಳ ಗೆರೆಗಳು.

"ಓದು."

"ಶಾನ್," ಎಂದಳು ಕುಮುದಿನಿ. ಕಾಲೇಜಿನ ಲೈಬ್ರರಿಯ ಪುಸ್ತಕ ನೋಡಿ ಚೀನೀ ಉಚ್ಚಾರಣೆಯನ್ನು ಮೊದಲೇ ಕಲಿತಿದ್ದಳು.

"ಅದು ಚೀನಾದಲ್ಲಿ. ಅಕ್ಷರ ಜಪಾನಿಗೆ ಬರುವಾಗ ತನ್ನ ಹೆಸರನ್ನೂ ತಂದಿತು. ನಮ್ಮವರ ಬಾಯಲ್ಲಿ ಅದು ಸಾನ್ ಆಯಿತು. ಆದರೆ ಬೆಟ್ಟಕ್ಕೆ ಅಲ್ಲಿ ಮೊದಲಿನಿಂದಲೂ ಒಂದು ಮಾತಿತ್ತು, ಯಮ. ಅಕ್ಷರ ಒಂಟಿಯಾಗಿ ನಿಂತರೆ ಯಮ. ಫುಜಿಯ ಜೊತೆ ಸೇರಿದರೆ ಫುಜಿಸಾನ್."

"ಬೆಟ್ಟಕ್ಕೆ ಯಮ ಅಂತಾರಾ ಯಾರಾದರೂ? ಹತ್ತಿದವರು ಇಳಿಯೋದು ಬೇಡವಾ?"

ಹರು ಅಮ್ಮ ನಕ್ಕರು. "ನಾನು ಹತ್ತಿ ಇಳಿದಿದ್ದೇನೆ. ಓದು."

"ಶಾನ್. ಹುಟ್ಟಿದಲ್ಲಿ ಇಟ್ಟದ್ದೇ ಹೆಸರು. ಮಿಕ್ಕದ್ದೆಲ್ಲ ಹೋದ ಊರಿನವರು ಅಂಟಿಸಿದ್ದು."

ಹರು ಅಮ್ಮ ನನ್ನ ಕಡೆ ತಿರುಗಿದರು. "ಇದು ಬೆಟ್ಟದ ಮಾತೋ, ಇವಳ ಮಾತೋ?"

ನಾನು ಮದುವೆಯ ಸಂಗತಿ ಹೇಳಿದೆ. ಅವರು ಅಡುಗೆಮನೆಯಿಂದ ಒಂದು ತಟ್ಟೆ ಅಕ್ಕಿ ತರಿಸಿದರು.

ಕುಮುದಿನಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ನೀವೂನಾ ಅಮ್ಮಾ?"

"ನಾನೇನು ನಿನ್ನ ಅತ್ತೆಯಲ್ಲ. ನನ್ನ ಹೆಸರನ್ನೇ ಬರೀತೀನಿ, ನೋಡು."

ಬೆರಳಿನಿಂದ ಅಕ್ಕಿಯ ಮೇಲೆ ನಿಧಾನವಾಗಿ ಒಂದು ಅಕ್ಷರ ಬರೆದರು.

"ಇದು ವಸಂತ. ನಮ್ಮಪ್ಪ ಚೀನಾದವರು, ಜಪಾನಿನ ಬಂದರಿನಲ್ಲಿ ಅಂಗಡಿ ಇಟ್ಟಿದ್ದರು. ಇದನ್ನು ಚುನ್ ಎಂದು ಓದುತ್ತಿದ್ದರು. ನಾನು ಮದುವೆಯಾಗಿ ಹೋದದ್ದು ಜಪಾನಿನವರ ಮನೆಗೆ. ಅವರು ಇದನ್ನೇ ಹರು ಎಂದು ಓದಿದರು. ಅಕ್ಷರದ ಒಂದು ಗೆರೆಯೂ ಬದಲಾಗಲಿಲ್ಲ."

ಕುಮುದಿನಿ ತಟ್ಟೆಯ ಹತ್ತಿರ ಸರಿದಳು. ಆಮೇಲೆ ಸೆರಗಿನಿಂದ ಕೈ ಹೊರತೆಗೆದು, ವಸಂತದ ಪಕ್ಕದಲ್ಲಿ ಬೆಟ್ಟ ಬರೆದಳು.

"ಯಮ," ಎಂದಳು. ಮತ್ತೆ, "ಕರೆಯೋದು ಬದಲಾದರೂ ಗೆರೆ ಬದಲಾಗದಿದ್ದರೆ, ಮದುವೆಮನೆಯಲ್ಲೂ ಪದ್ಮಾವತಿ ಅಂತ ಬರೆದುಬಿಡ್ತೀನಿ, ಅಕ್ಕ. ಹೇಳಿ ಕಳಿಸು."

ನನಗೆ ಎದೆ ಹಗುರಾಯಿತು. ಹರು ಅಮ್ಮನಿಗೆ ಕೈ ಮುಗಿದೆ.

ಏಳುವ ಮುಂಚೆ ಕುಮುದಿನಿ ಕೇಳಿದಳು: "ಹಾಗಾದರೆ ಹರು ಆದದ್ದರಿಂದ ನಿಮಗೆ ಏನೂ ನಷ್ಟವಾಗಲಿಲ್ಲವೇ?"

ಹರು ಅಮ್ಮ ಅಂಗೈಯಿಂದ ಅಕ್ಕಿಯನ್ನು ಸಮ ಮಾಡಿದರು.

"ಅಪ್ಪ ಅಂಗಡಿ ಮುಚ್ಚಿ ಚೀನಾಕ್ಕೆ ಹೊರಟ ದಿನ ಬಂದರಿಗೆ ಹೋಗಿದ್ದೆ. ಆ ಗದ್ದಲದಲ್ಲಿ ಅವರು ಕಾಣಿಸಲೇ ಇಲ್ಲ. ಹಡಗಿನ ಮೇಲೆ ನಿಂತು ಚುನ್, ಚುನ್ ಎಂದು ಕೂಗುತ್ತಲೇ ಇದ್ದರಂತೆ. ಪಕ್ಕದ ಅಂಗಡಿಯವರು ಆಮೇಲೆ ಹೇಳಿದರು. ನನಗೂ ಕೇಳಿಸಿತ್ತು. ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ತಿರುಗಿ ನೋಡಲಿಲ್ಲ."