ಕಂಬಕ್ಕೆ ಕಟ್ಟಿದ ಕೋವಿ

"ಗುರುಗಳೇ, ಪಟ್ಟಣದ ಕೋವಿ ಕಾರ್ಖಾನೆಗೆ ಬೀಗ ಬಿದ್ದಿತು. ನನ್ನ ಅಣ್ಣನೂ ಅಲ್ಲಿ ದುಡಿದವನು. ಒಡೆಯನು ವರ್ತಕರನ್ನು ದೂರುತ್ತಾನೆ, ಅಣ್ಣನು ಕಾಲವನ್ನು ದೂರುತ್ತಾನೆ. ಪಳಗಿದ ಕೈಗಳಿದ್ದೂ ಇಂಥ ಕಸುಬುಗಳು ಏಕೆ ಉಳಿಯುವುದಿಲ್ಲ?" ಎಂದು ಶಿಷ್ಯನು ಕೇಳಿದನು.

ಗುರುಗಳು ಈ ಕತೆಯನ್ನು ಹೇಳಿದರು.

ಹಿಂದೆ ಒಬ್ಬ ಕಮ್ಮಾರನಿದ್ದನು. ಕೋವಿ ಮಾಡುವುದು ಅವನ ಕಸುಬು. ಅವನ ಕುಲುಮೆಯಲ್ಲಿ ಐವರು ಕೆಲಸಗಾರರಿದ್ದರು. ವರ್ಷಕ್ಕೆ ಇಪ್ಪತ್ತು ಕೋವಿಗಳಾದರೆ ಹೆಚ್ಚು. ಕಾಡಂಚಿನ ರೈತರು ಹಂದಿಗಳಿಂದ ಬೆಳೆ ಕಾಯುವುದಕ್ಕಾಗಿ ಅವನಲ್ಲಿಗೆ ಬರುತ್ತಿದ್ದರು. ಅಜ್ಜ ಕೊಂಡ ಕೋವಿ ಮೊಮ್ಮಗನ ಕೈಗೂ ಬರುತ್ತಿತ್ತು.

ಕೋವಿ ಸಿಡಿದರೆ ಮೊದಲು ಹೋಗುವುದು ಹಿಡಿದವನ ಮುಖ. ಆದ್ದರಿಂದ ಆ ಕುಲುಮೆಯಲ್ಲಿ ಒಂದು ಕಟ್ಟಳೆಯಿತ್ತು. ಹೊಸ ಕೋವಿಗೆ ಎರಡರಷ್ಟು ಮದ್ದು ತುಂಬಿ, ಮೊದಲ ಗುಂಡನ್ನು ಕಮ್ಮಾರನೇ ಹಾರಿಸುತ್ತಿದ್ದನು. ಕೋವಿಯನ್ನು ಹೆಗಲಿಗೆ ಆನಿಸಿಕೊಂಡು, ಅದರ ನಳಿಗೆಯನ್ನು ಬೆಸೆದ ಕೆಲಸಗಾರನ ಕಡೆ ತಿರುಗಿ, "ಹಿಡಿಯಲೇನಪ್ಪಾ?" ಎಂದು ಕೇಳುತ್ತಿದ್ದನು. "ಹಿಡಿಯಿರಿ ಯಜಮಾನರೇ" ಎಂದರೆ ಗುಂಡು ಹಾರುತ್ತಿತ್ತು. ಕೆಲಸಗಾರನು ತಡವರಿಸಿದರೆ ಕೋವಿ ಮರಳಿ ಬೆಂಕಿಗೆ ಹೋಗುತ್ತಿತ್ತು. ಏಕೆಂದು ಯಾರೂ ಕೇಳುತ್ತಿರಲಿಲ್ಲ, ಬೈಗುಳವೂ ಇರುತ್ತಿರಲಿಲ್ಲ. ಮೂವತ್ತು ವರ್ಷಗಳಲ್ಲಿ ಆ ಕುಲುಮೆಯ ಒಂದು ಕೋವಿಯೂ ಕೊಂಡವನ ಕೈಯಲ್ಲಿ ಸಿಡಿಯಲಿಲ್ಲ.

ಐವರಲ್ಲಿ ಹಿರಿಯನಾದವನು ಯಜಮಾನನನ್ನು ತಂದೆಯಂತೆ ಕಾಣುತ್ತಿದ್ದನು. ಅವನ ಬೆರಳಿಗೆ ಕಣ್ಣಿದೆ ಎಂದು ಉಳಿದವರು ಹೇಳುತ್ತಿದ್ದರು. ಬೆಸುಗೆಯ ಮೇಲೆ ಉಗುರು ಆಡಿಸಿ, ಕೂದಲೆಳೆಯಷ್ಟು ಬಿರುಕಿದ್ದರೂ ತಿಳಿದುಕೊಳ್ಳುತ್ತಿದ್ದನು. ಅಷ್ಟಾದರೂ "ಹಿಡಿಯಿರಿ" ಎನ್ನಬೇಕಾದ ದಿನ ಬೆಳಗಿನ ಮುದ್ದೆ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೆಂಡತಿ ಇದನ್ನು ಬಲ್ಲವಳು. ಆ ದಿನ ಅವಳು ಮುದ್ದೆಗೆ ಎಸರಿಡದೆ ಗಂಜಿಯನ್ನಷ್ಟೇ ಕಾಯಿಸುತ್ತಿದ್ದಳು.

ಒಮ್ಮೆ ಒಬ್ಬ ವರ್ತಕನು ಬಂದನು. ಸೀಮೆಯ ಕೋಟೆಗಳ ಕಾವಲುಗಾರರಿಗೆ ನೂರು ಕೋವಿ ಬೇಕು, ಎರಡು ವರ್ಷದೊಳಗೆ ಬೇಕು ಎಂದನು. ಕಮ್ಮಾರನು ಬಹಳ ಹೊತ್ತು ಯೋಚಿಸಿದನು. ಕೆಲಸಗಾರರ ಐದು ಮನೆಗಳು ಹೊಸ ಬಟ್ಟೆ ಕಂಡು ಎಷ್ಟೋ ಹಬ್ಬಗಳು ಕಳೆದಿದ್ದವು. ಅವನು ಒಪ್ಪಿದನು. ರೈತರು ಬಂದಾಗ, ಈ ಕೆಲಸ ಮುಗಿದ ಮೇಲೆ ಬನ್ನಿ ಎಂದು ಹೇಳಿ ಹಿಂದಕ್ಕೆ ಕಳುಹಿಸಿದನು. ಹಂದಿಗಳು ಎರಡು ವರ್ಷ ಕಾಯುವುದಿಲ್ಲ. ರೈತರು ಬೇರೆ ಕುಲುಮೆಗಳಿಗೆ ಹೋದರು.

ಮೂವತ್ತನೆಯ ಕೋವಿಯ ಹೊತ್ತಿಗೆ ಕಮ್ಮಾರನ ಹೆಗಲು ಊದಿಕೊಂಡಿತು. ವರ್ಷಕ್ಕೆ ಕೋವಿಯ ಇಪ್ಪತ್ತು ಒದೆತಗಳನ್ನು ತಾಳಿದ ಮೂಳೆ ವಾರಕ್ಕೊಂದನ್ನು ತಾಳಲಿಲ್ಲ. ಅವನು ಎಡಗೈಯಲ್ಲಿ ತುತ್ತೆತ್ತುವುದನ್ನು ಹಿರಿಯ ಕೆಲಸಗಾರನು ಒಂದು ದಿನ ಕಂಡನು. ಅವನಿಗೆ ಸಹಿಸಲಾಗಲಿಲ್ಲ. ಯಾರನ್ನೂ ಕೇಳದೆ ಅಂಗಳದಲ್ಲಿ ಒಂದು ಕಂಬ ನೆಟ್ಟನು. ಕೋವಿಯನ್ನು ಇದಕ್ಕೆ ಬಿಗಿದು, ದೂರ ನಿಂತು ಹುರಿ ಎಳೆದು ಹಾರಿಸಿದರೆ ಸಾಕು ಎಂದು ಯಜಮಾನನ ಕಾಲು ಹಿಡಿದನು. ಕಮ್ಮಾರನು ಬೇಡವೆಂದನು. ಆಗ ಐವರೂ ಸೇರಿ ಬೇಡಿಕೊಂಡರು. ಅವನು ಅವರ ಪ್ರೀತಿಗೆ ಸೋತನು. ಹಿರಿಯನು ಅಂದು ಹೊಟ್ಟೆ ತುಂಬ ಉಂಡನು.

ಒಂದೆರಡು ನಳಿಗೆಗಳು ಕಂಬದಲ್ಲಿಯೇ ಸಿಡಿದವು. ಯಾರಿಗೂ ಏನೂ ಆಗಲಿಲ್ಲ. ಕೆಲಸಗಾರರು ನಕ್ಕರು. ಕಂಬಕ್ಕೆ ಕಂಬರಾಯರು ಎಂದು ಹೆಸರಿಟ್ಟರು. ಬೆಸುಗೆ ಸಡಿಲವೆಂದು ಕಂಡರೆ, ರಾಯರನ್ನೇ ಕೇಳಿದರಾಯಿತು, ಅವರ ಕೆನ್ನೆ ಬಲು ಗಟ್ಟಿ ಎಂದು ಹಾಸ್ಯ ಮಾಡಿದರು. ಒಂದು ದಿನ, ಕಂಬದಿಂದ ಬಿಚ್ಚಿ ತಂದ ಕೋವಿಯೊಂದರ ಮೇಲೆ ಹಿರಿಯನ ಉಗುರಿಗೆ ಒಂದು ಗೆರೆ ತಾಗಿತು. ಅವನ ಕೈ ಬೆಂಕಿಯ ಕಡೆ ಹೊರಟಿತು. ಕಂಬ ಒಪ್ಪಿದೆಯಲ್ಲ ಎಂದುಕೊಂಡು ಕೈ ಹಿಂತೆಗೆದನು. ಕೋವಿಯನ್ನು ರಾಶಿಯಲ್ಲಿಟ್ಟನು. ಅಂದಿನಿಂದ ಉಗುರು ಆಡಿಸುವುದನ್ನೇ ಬಿಟ್ಟನು.

ನೂರು ತುಂಬಿತು. ವರ್ತಕನು ಗಾಡಿಗಳೊಡನೆ ಬಂದನು. ಹೇರುವುದಕ್ಕೆ ಮುಂಚೆ ಕಮ್ಮಾರನು ರಾಶಿಯಿಂದ ಒಂದು ಕೋವಿಯನ್ನು ಎತ್ತಿಕೊಂಡನು. ಎರಡರಷ್ಟು ಮದ್ದು ತುಂಬಿದನು. ನೋಯುವ ಹೆಗಲಿಗೆ ಅದನ್ನು ಆನಿಸಿ, ಕೆನ್ನೆಯಿಟ್ಟು, ಹಿರಿಯನನ್ನು ಕೇಳಿದನು.

"ಹಿಡಿಯಲೇನಪ್ಪಾ?"

ಅದು ಆ ಗೆರೆಯ ಕೋವಿಯೋ ಅಲ್ಲವೋ ಹಿರಿಯನಿಗೆ ತಿಳಿಯದು. ಒಂದು ಮಾತು ಆಡಿದರೆ ಗಾಡಿಗಳು ಹೊರಡುತ್ತವೆ, ಐದು ಮನೆಗಳು ಬದುಕುತ್ತವೆ. ಆಡದಿದ್ದರೆ ಎರಡು ವರ್ಷದ ಬೆವರು ಮಣ್ಣುಪಾಲು. ಅವನು ಯಜಮಾನನ ಕೆನ್ನೆಯನ್ನು ನೋಡಿದನು. ನೆಲವನ್ನು ನೋಡಿದನು. ಅವನ ಬಾಯಿ ತೆರೆಯಲಿಲ್ಲ.

ಕಮ್ಮಾರನು ಉಳಿದ ನಾಲ್ವರನ್ನೂ ಹಾಗೆಯೇ ಕೇಳಿದನು. ಯಾರೂ ಮಾತಾಡಲಿಲ್ಲ. ಅವನು ಕೋವಿಯನ್ನು ಇಳಿಸಿದನು.

ವರ್ತಕನಿಗೆ ನಗು ಬಂದಿತು. "ಇದೇನು ಯಜಮಾನರೇ, ಮದುವೆ ಹೆಣ್ಣನ್ನು ಕೇಳುವಂತೆ ಒಪ್ಪಿಗೆ ಕೇಳುತ್ತೀರಿ? ಕೋಟೆಯವರು ಗುಂಡು ಹಾರಿಸುವುದು ವರ್ಷಕ್ಕೊಮ್ಮೆ, ದಸರೆಗೆ. ಸದ್ದಿಗೆ ಕಾಗೆ ಎದ್ದು ಹೋದರೆ ಸಾಲದೇ?"

"ದಸರೆಯ ದಿನ ಅವರ ಮಕ್ಕಳು ಪಕ್ಕದಲ್ಲೇ ನಿಂತಿರುತ್ತಾರೆ ಸ್ವಾಮೀ" ಎಂದನು ಕಮ್ಮಾರ.

ಗಾಡಿಗಳು ಬರಿದಾಗಿ ಹಿಂದಿರುಗಿದವು. ನೂರು ನಳಿಗೆಗಳೂ ಬೆಂಕಿಗೆ ಹೋಗಿ, ಚಿಲಕಗಳಾಗಿ, ಬಾವಿಯ ರಾಟೆಯ ಅಚ್ಚುಗಳಾಗಿ ಹೊರಬಂದವು. ಅವು ಆ ವರ್ಷದ ಗಂಜಿಗೆ ಸಾಕಾದವು, ಮರುವರ್ಷಕ್ಕೆ ಆಗಲಿಲ್ಲ. ಹಳೆಯ ರೈತರು ಮರಳಲಿಲ್ಲ. ಕಮ್ಮಾರನ ಹೆಗಲಿಗೆ ಕೋವಿ ಹಿಡಿಯುವ ಶಕ್ತಿ ಉಳಿದಿರಲಿಲ್ಲ. ತಾನು ಹಿಡಿಯದ ಕೋವಿಯನ್ನು ಮಾರುವ ಮನಸ್ಸು ಅವನಿಗೆ ಎಂದೂ ಇರಲಿಲ್ಲ. ಅವನು ಕುಲುಮೆಯ ಬಾಗಿಲು ಹಾಕಿದನು.

ಆಮೇಲೆ ಐವರನ್ನೂ ಒಬ್ಬೊಬ್ಬರಾಗಿ ಬೇರೆ ಬೇರೆ ಊರಿನ ಕುಲುಮೆಗಳಿಗೆ ತಾನೇ ನಡೆಸಿಕೊಂಡು ಹೋಗಿ ಬಿಟ್ಟುಬಂದನು. ಕೊನೆಗೆ ಹೋದವನು ಹಿರಿಯ. ದಾರಿಯುದ್ದಕ್ಕೂ ಅವನು ತಲೆ ಎತ್ತಲಿಲ್ಲ. ತನ್ನನ್ನು ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸುತ್ತಿತ್ತು. ಹೊಸ ಕುಲುಮೆಯ ಒಡೆಯನು, ಇವನಿಗೆ ಏನು ಬರುತ್ತದೆ ಎಂದು ಕೇಳಿದನು. ಕಮ್ಮಾರನು ಹಿರಿಯನ ಬೆನ್ನ ಮೇಲೆ ಕೈಯಿಟ್ಟು, "ಸುಳ್ಳು ಹೇಳಿದ್ದರೆ ಇವನ ಮನೆ ಉಳಿಯುತ್ತಿತ್ತು. ಇವನು ಹೇಳಲಿಲ್ಲ" ಎಂದಷ್ಟೇ ಹೇಳಿ, ಬಂದ ದಾರಿಯಲ್ಲಿ ಒಬ್ಬನೇ ಹಿಂದಿರುಗಿದನು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ಕಣ್ಣೊರೆಸಿಕೊಂಡನು.

"ಎಂಥ ಮನುಷ್ಯರು ಗುರುಗಳೇ! ಆ ವರ್ತಕನೊಬ್ಬನು ಬಾರದೆ ಹೋಗಿದ್ದರೆ ಅವರ ಕುಲುಮೆ ಇಂದಿಗೂ ಉರಿಯುತ್ತಿತ್ತು. ಹಾಗಾದರೆ ನಮ್ಮ ಪಟ್ಟಣದ ಒಡೆಯನು ವರ್ತಕರನ್ನು ದೂರುವುದು ನ್ಯಾಯವೇ ಆಯಿತಲ್ಲವೇ?"

ಗುರುಗಳು ಹೇಳಿದರು: "ವರ್ತಕನು ಕೋವಿ ಕೇಳಿದನಪ್ಪಾ, ಕಂಬ ಕೇಳಲಿಲ್ಲ."