ಗೇರ್ ಲಿವರಿನೊಳಗಿನ ವೈರು

ಹಳೆಯ ಆಟೋಮ್ಯಾಟಿಕ್ ಕಾರೊಂದು ಓವರ್‌ಡ್ರೈವಿಗೆ ಏರುವುದನ್ನೇ ಬಿಟ್ಟಿತು. ಆ ಕೊನೆಯ ಗೇರು ಸಿಗದೆ ಹೆದ್ದಾರಿಯಲ್ಲಿ ಎಂಜಿನ್ನು ಏದುಸಿರು ಬಿಡುತ್ತಿತ್ತು. ಕಾರಣ ಗೇರ್ ಲಿವರಿಗೆ ಗೊತ್ತಿತ್ತು. ತನ್ನ ಹಿಡಿಯಲ್ಲಿದ್ದ ಓವರ್‌ಡ್ರೈವ್ ಗುಂಡಿಯ ವೈರು ತನ್ನ ಹೊಟ್ಟೆಯೊಳಗೇ ಸವೆದು ತುಂಡಾಗಿತ್ತು. ಆದರೆ ಯಜಮಾನನ ಅಂಗೈ ಸವರಿ ಹೊಳೆಯುವ ತನ್ನನ್ನು ಯಾರೋ ಬಿಚ್ಚುವುದೆಂದರೆ ಅದಕ್ಕೆ ಅವಮಾನ.

“ಅಣ್ಣ, ಓವರ್‌ಡ್ರೈವ್ ಹಾಕೆಂಬ ಮಾತು ನನಗೆ ಮುಟ್ಟುತ್ತಿಲ್ಲ. ನೀವು ಹೇಳುತ್ತಿದ್ದೀರಾ?” ಎಂದು ಕೆಳಗಿನಿಂದ ಗೇರ್‌ಬಾಕ್ಸ್ ಕೇಳಿತು.

“ಹೇಳುತ್ತಲೇ ಇದ್ದೇನೆ. ನಿನಗೇ ಕಿವಿ ಮಂದವಾಗಿದೆ,” ಎಂದಿತು ಲಿವರ್.

“ವಯಸ್ಸಾಯಿತು. ಹಾಗೇ ಇರಬೇಕು,” ಎಂದು ಗೇರ್‌ಬಾಕ್ಸ್ ಒಪ್ಪಿಕೊಂಡಿತು.

ಮೆಕ್ಯಾನಿಕ್ ದಾವಲ್‌ಸಾಬರಿಗೂ ಗೇರ್‌ಬಾಕ್ಸಿನ ಮೇಲೆಯೇ ಅನುಮಾನ. ಅದನ್ನು ಇಳಿಸಿ ಗುಜರಿಗೆ ಕಳಿಸಿ ಬೇರೊಂದನ್ನು ಕೂರಿಸಿದರು. ಹೊಸದಕ್ಕೂ ಮಾತು ಮುಟ್ಟಲಿಲ್ಲ. ಆಗ ಅವರು ಲಿವರನ್ನು ಬಿಚ್ಚಿದರು, ತುಂಡಾದ ವೈರನ್ನು ಬೆಸೆದು ಟೇಪು ಸುತ್ತಿದರು. ತರಿಸಿದ್ದ ಚಹಾ ಆರುವ ಮೊದಲೇ ಕೆಲಸ ಮುಗಿಯಿತು.

ಹೆದ್ದಾರಿಯಲ್ಲಿ ಎಂಜಿನ್ನು ನಿರಾಳವಾಯಿತು.

“ಈಗ ಸ್ಪಷ್ಟವಾಗಿ ಕೇಳಿಸಿತು ಅಣ್ಣ,” ಎಂದಿತು ಹೊಸ ಗೇರ್‌ಬಾಕ್ಸ್. “ನನಗಿಂತ ಮೊದಲಿದ್ದವನಿಗೆ ಏನಾಗಿತ್ತು?”

“ಅವನಿಗೆ ಏನೂ ಆಗಿರಲಿಲ್ಲ,” ಎಂದಿತು ಲಿವರ್.

ಆ ಮಾತನ್ನು ಕೇಳಬೇಕಾಗಿದ್ದ ಹಳೆಯ ಗೇರ್‌ಬಾಕ್ಸ್ ಅಷ್ಟರಲ್ಲಿ ಗುಜರಿ ಅಂಗಡಿಯಲ್ಲಿ ಹೋಳುಹೋಳಾಗಿತ್ತು.